ನೀಲಿ ಡಬ್ಬಿ, ಕೆಂಪು ಡಬ್ಬಿ, ನಡುವೆ ಒಂದು ಸ್ಟೂಲು

ಸೋಮವಾರ, ೨೫ ಫೆಬ್ರವರಿ ೨೦೦೮
ಅಂಗಡಿಯ ಸ್ಟೂಲಿನ ಮೇಲಿಂದ

ಸೂಜಿ-ಸಿರಿಂಜುಗಳ ಅಧಿದೇವತೆಯೂ, ಮೊಂಡು ರೋಗಿಗಳ ಪಾಲಿನ ಸಿಂಹಸ್ವಪ್ನವೂ, ನನ್ನ ಪಾಲಿಗೆ ಬಂದ ಒಬ್ಬಳೇ ಒಬ್ಬ ಅಕ್ಕನೂ ಆದ ನಿನಗೆ, ಉಭಯ ರಾಜ್ಯಗಳ ರಾಯಭಾರಿಯಾದ ನಿನ್ನ ಕೋತಿಯು ಒಂದೇ ಕಾಲಿನ ಮೇಲೆ ನಿಂತು ಮಾಡುವ ನಮಸ್ಕಾರಗಳು.

ಒಂದೇ ಕಾಲು ಏಕೆಂದರೆ ಇನ್ನೊಂದನ್ನು ಊರಲು ಜಾಗವಿಲ್ಲ. ಇದು ಅಲಂಕಾರದ ಮಾತಲ್ಲ. ಕಾರಣ ಮುಂದೆ ಬರುತ್ತದೆ.

ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶುರುಮಾಡುವುದು ವಾಡಿಕೆ. ಹಿರಿಯರು ಹಾಕಿಕೊಟ್ಟ ವಾಡಿಕೆಯ ಬಗ್ಗೆ ನನಗೆ ಅಪಾರ ಗೌರವವಿರುವುದರಿಂದ ಅರ್ಧವನ್ನಾದರೂ ಪಾಲಿಸುತ್ತೇನೆ: ನಿನ್ನ ಕ್ಷೇಮಕ್ಕೆ ಬರೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನು ನನ್ನ ಮೊಣಕೈ ಪಕ್ಕದಲ್ಲೇ ಇದೆ. ಅದರ ಎಡಕ್ಕೆ ಅಪ್ಪನ ಕಿವಿ, ಬಲಕ್ಕೆ ಚಿಕ್ಕಪ್ಪನ ಕಿವಿ, ನಡುವೆ ನನ್ನ ಬಾಯಿ. ಮನೆಗೆ ಹೋದರೆ ಅವೇ ಕಿವಿಗಳು ಊಟದ ಮೇಜಿನ ಎರಡು ತುದಿಯಲ್ಲಿ ಕೂತಿರುತ್ತವೆ. ಆದ್ದರಿಂದ ಬಿಲ್ ಪುಸ್ತಕದ ಕೆಳಗೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಯಾರಾದರೂ ಇಣುಕಿದರೆ ಸ್ಟಾಕ್ ಬರೆಯುವವಳ ಮುಖ ಮಾಡುತ್ತೇನೆ. ಆ ಮುಖ ನನಗೆ ಚೆನ್ನಾಗಿ ಬರುತ್ತದೆ.

ವಿಷಯ ಇಷ್ಟು. ನಿಮ್ಮೂರಿನ ಆ ಹಳೇ ಸಿನಿಮಾ ರೀಲು ರಿಪೇರಿ ಸಂಸ್ಥೆಯವರು ನನ್ನನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ. ಬೂಷ್ಟು ಹಿಡಿದ ರೀಲನ್ನು ತೊಳೆದು, ಹರಿದಲ್ಲಿ ಅಂಟಿಸಿ, ಸತ್ತ ಸಿನಿಮಾವನ್ನು ಎಬ್ಬಿಸಿ ಕೂರಿಸುವ ಕೆಲಸ. ಮುಂದಿನ ಸೋಮವಾರ ಬೆಳಿಗ್ಗೆ ಹೋಗಿ ಸೇರಬೇಕು. ಹೋಗದಿದ್ದರೆ ಜಾಗ ಕಾಯುವ ಪಟ್ಟಿಯಲ್ಲಿರುವವರಿಗೆ ಹೋಗುತ್ತದೆ. ಅರ್ಜಿ ಹಾಕುವಾಗ ನೀನೇ ಬೆನ್ನ ಹಿಂದೆ ನಿಂತು ಹಾಕಿಸಿದ್ದು, ಆದ್ದರಿಂದ ಇದರಲ್ಲಿ ನಿನ್ನದೂ ಪಾಲಿದೆ. ಬೇರೆ ಯಾವುದಕ್ಕೂ ನಾನು ಇಷ್ಟು ಆಸೆಪಟ್ಟಿದ್ದು ನೆನಪಿಲ್ಲ. ಇದನ್ನು ಮಾತ್ರ ತಮಾಷೆಗೆ ಹೇಳುತ್ತಿಲ್ಲ.

ಮತ್ತೆ ಹೊರಡುವುದಕ್ಕೇನು ಅಡ್ಡಿ? ಅಡ್ಡಿಯ ಹೆಸರು ಪ್ಲೈವುಡ್ಡು.

ನೀನು ನರ್ಸ್ ಕೆಲಸಕ್ಕೆಂದು ಪೆಟ್ಟಿಗೆ ಕಟ್ಟಿದ ವಾರವೇ ಅಂಗಡಿಯ ನಡುವೆ ಆ ಗೋಡೆ ಎದ್ದಿತು. ಇದು ಕೇವಲ ಕಾಕತಾಳೀಯ ಎಂದು ನಾನು ಇಂದಿಗೂ ನಂಬಿದ್ದೇನೆ. ಎಡಕ್ಕೆ ಅಪ್ಪ: ಎಚ್‌ಡಿ ಡಿವಿಡಿ, ಕೆಂಪು ಡಬ್ಬಿ. ಬಲಕ್ಕೆ ಚಿಕ್ಕಪ್ಪ: ಬ್ಲೂ-ರೇ, ನೀಲಿ ಡಬ್ಬಿ. ಎರಡರಲ್ಲಿಯೂ ಅದೇ ಥರದ ಹೊಳೆಯುವ ಡಿಸ್ಕು, ಅದೇ ಕನ್ನಡಿಯಂಥ ಚಿತ್ರ. ಆದರೆ ಇದರ ಪ್ಲೇಯರ್‌ನಲ್ಲಿ ಅದು ಓಡದು, ಅದರಲ್ಲಿ ಇದು ಓಡದು. ಚಿಕ್ಕಪ್ಪನ ವಾದ, ನೀಲಿ ಡಿಸ್ಕಿನಲ್ಲಿ ಜಾಸ್ತಿ ಹಿಡಿಸುತ್ತದೆ ಎಂದು. ಅಪ್ಪನ ವಾದ, ಕೆಂಪಿನ ಪ್ಲೇಯರ್ ಅಗ್ಗ, ಹೆಸರಿನಲ್ಲೇ ಡಿವಿಡಿ ಇದೆ, ಜನಕ್ಕೆ ಬಾಯಿಪಾಠ ಎಂದು. ಒಂದು ಸ್ಟುಡಿಯೋ ತನ್ನ ಸಿನಿಮಾವನ್ನು ನೀಲಿಗೆ ಮಾತ್ರ ಕೊಡುತ್ತದೆ, ಇನ್ನೊಂದು ಕೆಂಪಿಗೆ ಮಾತ್ರ. ಗಿರಾಕಿ ಬಂದು ಒಂದು ಸಿನಿಮಾ ಕೇಳಿದರೆ, "ನಿಮ್ಮ ಪ್ಲೇಯರ್ ಯಾವ ಪಕ್ಷ?" ಎಂದು ನಾನು ವಿಚಾರಿಸಬೇಕು. ಅವರು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ಮೊದ್ಲು ಅಣ್ತಮ್ಮ ಇಬ್ರೂ ಒಂದು ತೀರ್ಮಾನಕ್ಕೆ ಬನ್ನಿ, ಆಮೇಲೆ ಬರ್ತೀವಿ" ಎಂದು ಹಳೇ ಮಾಮೂಲಿ ಡಿವಿಡಿ ಒಂದನ್ನು ಬಾಡಿಗೆಗೆ ಹಿಡಿದು ಹೊರಡುತ್ತಾರೆ.

ಅಪ್ಪನ ಹಟದ ಬೇರು ಎಲ್ಲಿದೆ ಎಂದು ನಿನಗೆ ಗೊತ್ತು. ನಾವು ಹುಟ್ಟುವ ಮುಂಚೆ ವಿಡಿಯೋ ಕ್ಯಾಸೆಟ್ಟಿನಲ್ಲೂ ಎರಡು ಪಂಗಡ ಇದ್ದವಲ್ಲ, ಚಿಕ್ಕದು ಮತ್ತು ದೊಡ್ಡದು. ಅಪ್ಪ ಚಿಕ್ಕದನ್ನೇ ಅಂಗಡಿ ತುಂಬ ತಂದರು. ಊರೆಲ್ಲ ದೊಡ್ಡದನ್ನು ತೆಗೆದುಕೊಂಡಿತು. ಆ ಚಿಕ್ಕ ಕ್ಯಾಸೆಟ್ಟುಗಳು ಇಂದಿಗೂ ಮಂಚದ ಕೆಳಗೆ ಇವೆ. ಅಮ್ಮ ಅವನ್ನು ಬಾಗಿಲಿಗೆ ತಡೆಯಾಗಿ, ಕುಂಟು ಮೇಜಿಗೆ ಕಾಲಾಗಿ ದುಡಿಸಿಕೊಳ್ಳುತ್ತಾಳೆ. ಅಪ್ಪ ಮೇಜಿನ ಮುಂದೆ ಕೂತಾಗಲೆಲ್ಲ ಕಾಲ ಕೆಳಗೆ ನೋಡಿ, "ಅದರ ಚಿತ್ರಾನೇ ಚೆನ್ನಾಗಿತ್ತು" ಎನ್ನುತ್ತಾರೆ. ಚಿಕ್ಕಪ್ಪ, "ಹೂಂ, ಮೇಜೂ ಅಲ್ಲಾಡ್ತಿಲ್ಲ" ಎನ್ನುತ್ತಿದ್ದರು. ಇಬ್ಬರೂ ಮಾತಾಡುತ್ತಿದ್ದ ಕಾಲದಲ್ಲಿ.

ಈಗ ಮಾತಿಲ್ಲ. ಗೋಡೆಯ ಹಿಂಭಾಗದಲ್ಲಿ, ಗಲ್ಲಾಪೆಟ್ಟಿಗೆಯ ಬಳಿ, ಒಂದು ಕಿಂಡಿ ಬಿಟ್ಟಿದ್ದಾರೆ. ಅದರಲ್ಲಿ ನನ್ನ ಸ್ಟೂಲು. ಗಲ್ಲಾ ಒಂದೇ, ಫೋನು ಒಂದೇ, ನಾನು ಒಬ್ಬಳೇ. ಎಡಗಾಲು ಕೆಂಪು ರಾಜ್ಯದಲ್ಲಿ, ಬಲಗಾಲು ನೀಲಿ ರಾಜ್ಯದಲ್ಲಿ. ಪ್ಲೈವುಡ್ಡು ಎಷ್ಟು ತೆಳು ಎಂದರೆ ಆಚೆ ಸೀನಿದರೆ ಈಚೆ ಒರೆಸಿಕೊಳ್ಳಬೇಕು. ಆದರೂ ಆಚೆಯವರು ಹೇಳಿದ್ದು ಈಚೆಯವರಿಗೆ ಕೇಳಿಸಿತು ಎಂದು ಲೆಕ್ಕವಿಲ್ಲ. ರಾಯಭಾರಿ ಬಂದು ಹೇಳಿದ ಮೇಲೆಯೇ ಕೇಳಿಸಿದ ಹಾಗೆ.

ಮೊನ್ನೆಯ ಒಂದು ಅಧಿಕೃತ ಕಲಾಪ ಕೇಳು. ಅಪ್ಪ ಗಟ್ಟಿಯಾಗಿ, "ಅವ್ನಿಗೆ ಹೇಳು, ಆ ಸ್ಪೀಕರ್ ಸೌಂಡ್ ಇಳಿಸ್ದೇ ಇದ್ರೆ ಮೇನ್ ಸ್ವಿಚ್ಚೇ ಆರಿಸ್ತೀನಿ ಅಂತ" ಎಂದರು. ನಾನು ಸ್ಟೂಲಿನ ಮೇಲೆ ಅರ್ಧ ಸುತ್ತು ತಿರುಗಿ, "ಚಿಕ್ಕಪ್ಪಾ, ಅಪ್ಪಂಗೆ ಯಾಕೋ ತಲೆನೋವಂತೆ, ಸ್ವಲ್ಪ ಸೌಂಡ್ ಕಮ್ಮಿ ಮಾಡಕ್ಕಾಗತ್ತಾ ಅಂತ ಕೇಳ್ತಿದಾರೆ" ಎಂದೆ. ಚಿಕ್ಕಪ್ಪ ಮೇನ್ ಸ್ವಿಚ್ಚಿನ ಮಾತನ್ನು ನನ್ನಷ್ಟೇ ಚೆನ್ನಾಗಿ ಕೇಳಿದ್ದರು. ಆದರೂ ಸೌಂಡ್ ಇಳಿಸಿ, ಡ್ರಾಯರಿನಿಂದ ತಲೆನೋವಿನ ಮಾತ್ರೆ ತೆಗೆದು ಕೊಟ್ಟರು. ಅಪ್ಪ ಮಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಸುಮ್ಮನೆ ನುಂಗಿದರು. ತಲೆನೋವಿರಲಿಲ್ಲ. ನನ್ನ ಅನುವಾದವೇ ಅಧಿಕೃತ ಪಠ್ಯ ಎಂದು ಇಬ್ಬರೂ ಒಪ್ಪಿಕೊಂಡಿದ್ದಾರೆ, ನೋಡು. ಅದೇ ನನ್ನ ಹೆಮ್ಮೆ, ಅದೇ ನನ್ನ ಕುಣಿಕೆ. ತರಬೇತಿಯ ವಿಷಯ ಎತ್ತಿದಾಗ ಅಪ್ಪ, "ನೀನು ಹೋದ್ರೆ ಅವನ ಹತ್ರ ಯಾರು ಮಾತಾಡೋದು?" ಎಂದರು. ಚಿಕ್ಕಪ್ಪನ ಬಳಿ ಹೋದರೆ, "ಲೇ ಕೋತಿ, ನೀನು ಹೋದ್ರೆ ಅಣ್ಣನ ಹತ್ರ ಯಾರೇ ಮಾತಾಡ್ತಾರೆ?" ಎಂದರು. ನೀವೇ ಮಾತಾಡಿ ಎಂದರೆ ಇಬ್ಬರೂ ನಾನೇನೋ ಅಸಹ್ಯದ ಮಾತಾಡಿದ ಹಾಗೆ ಮುಖ ತಿರುಗಿಸಿದರು. ಕೊನೆಗೆ ಇಬ್ಬರ ಬಾಯಿಂದಲೂ ಒಂದೇ ತೀರ್ಪು: ಅವನ ಕಡೆ ಮುಚ್ಚಲಿ, ಗೋಡೆ ಬೀಳಲಿ, ಆಮೇಲೆ ನೀನು ಹೊರಡು.

ಅದಕ್ಕೇ ಈ ರಾಯಭಾರಿ ಒಂದು ರಾಜತಂತ್ರ ಹೂಡಿದಳು. ಅಪ್ಪ ಗಡ್ಡ ಹೆರೆದುಕೊಳ್ಳುವಾಗ, "ಎರಡೂ ಟಿವಿ ಪಕ್ಕಪಕ್ಕ ಇಟ್ಟು ಊರವರ ಮುಂದೆ ತೋರ್ಸೋ ಧೈರ್ಯ ನಿಮಗಿಲ್ಲ ಅಂತ ಚಿಕ್ಕಪ್ಪ ಹೇಳ್ತಿದ್ರು" ಎಂದೆ. ಚಿಕ್ಕಪ್ಪ ಬಟ್ಟೆ ಒಣಹಾಕುವಾಗ ಅದೇ ಮಾತನ್ನು ಅಪ್ಪನ ಹೆಸರಿನಲ್ಲಿ ತಲುಪಿಸಿದೆ. ಸಂಜೆಯೊಳಗೆ ಒಪ್ಪಂದವಾಯಿತು. ನಿನ್ನೆಯದನ್ನು ಬಿಟ್ಟು ಅದರ ಹಿಂದಿನ ಭಾನುವಾರ, ಅಂಗಡಿಯ ಗಾಜಿನ ಹಿಂದೆ ಎರಡು ಟಿವಿ. ಕೆಂಪಿಗೂ ನೀಲಿಗೂ ಎರಡಕ್ಕೂ ಬಂದಿರುವ ಸಿನಿಮಾ ನಮ್ಮಲ್ಲಿ ಒಂದೇ, ಅದೊಂದು ಹಡಗಿನ ಕಪ್ತಾನನ ಕಥೆ. ಅದನ್ನೇ ಎರಡರಲ್ಲೂ ಒಟ್ಟಿಗೆ ಹಾಕುವುದು. ಪ್ಲೇಯರ್‌ಗಳು ಬೆಂಚಿನ ಕೆಳಗೆ, ಮೇಲೆ ಬಟ್ಟೆ. ಶುರುವಿನ ಪರದೆಯಲ್ಲಿ ಪಕ್ಷದ ಹೆಸರು ಬರುವುದರಿಂದ ಸಿನಿಮಾ ಓಡಲು ಶುರುವಾದ ಮೇಲೆಯೇ ಟಿವಿ ಹಚ್ಚುವುದು. ಎಡದ್ದು ಕೆಂಪು, ಬಲದ್ದು ನೀಲಿ ಎಂದು ಮನೆಯವರಿಗೆ ಮಾತ್ರ ಗೊತ್ತು. ನೋಡಿದವರು ಯಾವ ಕಡೆ ಚೆನ್ನಾಗಿದೆ ಎಂದು ಕೈ ಎತ್ತುವುದು. ಸೋತವರು ತಮ್ಮ ಕಪಾಟು ಖಾಲಿ ಮಾಡುವುದು. ಮಾತಿಗೆ ತಪ್ಪುವಂತಿಲ್ಲ.

ಶನಿವಾರ ಸಂಜೆ ಇಬ್ಬರೂ ಊಟಕ್ಕೆ ಹೋದಾಗ ನಾನು ಟಿವಿಗಳ ಹಿಂದೆ ನುಸುಳಿ ಎರಡು ಕೇಬಲ್‌ಗಳನ್ನು ಅದಲುಬದಲು ಮಾಡಿದೆ. ಯಾಕೆ ಎಂದು ಕೇಳಬೇಡ. ನನ್ನ ಕೈ ಸುಮ್ಮನಿರುವುದಿಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು, ಸೋತವರು ತೀರಾ ಮುರಿದುಬಿದ್ದರೆ, "ನಿಲ್ಲಿ, ವೈರು ತಪ್ಪಾಗಿತ್ತು, ಗೆದ್ದಿದ್ದು ನೀವೇ" ಎಂದು ತೀರ್ಪು ತಿರುಗಿಸುವ ಹಿಡಿಕೆಯೊಂದು ಕೈಯಲ್ಲಿರಲಿ ಎಂದು. ಆ ಕೇಬಲ್‌ಗಳಿಗೂ ಅಮ್ಮ ದಾರ ಕಟ್ಟಿದ್ದಾಳೆ, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ. ನಿನಗೆ ಗೊತ್ತಲ್ಲ, ಡಬ್ಬದ ಮುಚ್ಚಳ, ಬೀಗದ ಕೈ, ನಮ್ಮ ಹಲ್ಲುಜ್ಜುವ ಬ್ರಷ್ಷು, ಎಲ್ಲಕ್ಕೂ ಅವಳ ದಾರ. ನಾನೂ ಹೊಸಲು ದಾಟಿದರೆ ನನಗೂ ಒಂದು ಕಟ್ಟಿಬಿಡುತ್ತಾಳೆ.

ಭಾನುವಾರ ಬೆಳಿಗ್ಗೆ ಅಮ್ಮ ಬಂದು ಧೂಳು ಒರೆಸಿ ಹೋದಳು. ಮಧ್ಯಾಹ್ನ ಬೀದಿಯವರೆಲ್ಲ ಬಂದು ಕೂತರು. ಕ್ಷೌರದ ಅಂಗಡಿಯವರು, ಔಷಧಿ ಅಂಗಡಿಯವರು, ಡ್ರಾಯಿಂಗ್ ಮೇಷ್ಟ್ರು, ಹೂ ಮಾರುವ ಅಜ್ಜಿ, ದರ್ಜಿ. ಸಿನಿಮಾ ಓಡಿತು. ಒಬ್ಬರಿಗೂ ವ್ಯತ್ಯಾಸ ಕಾಣಿಸುತ್ತಿಲ್ಲ ಎನ್ನುವುದು ನನಗೆ ಕಾಣಿಸುತ್ತಿತ್ತು. ಕ್ಷೌರದವರು ಬಲಕ್ಕೆ ಕೈ ಎತ್ತಿ, "ಈ ಕಡೆ ಕಪ್ತಾನನ ಗಲ್ಲ ನುಣ್ಣಗಿದೆ, ಯಾರೋ ಒಳ್ಳೆ ಕೈಯವರು ಮಾಡಿದಾರೆ" ಎಂದರು. ಅಜ್ಜಿ ಎಡಕ್ಕೆ, ಎಡದ ಸಮುದ್ರ ನೋಡಿದರೆ ಚಳಿಯಾಗುತ್ತದಂತೆ. ಮೇಷ್ಟ್ರು ಬಲ, ಔಷಧಿಯವರು ಎಡ. ಉಳಿದದ್ದು ದರ್ಜಿ. ಅವರು ಕನ್ನಡಕ ಒರೆಸಿಕೊಂಡು, ಎದ್ದು, ಒಂದೊಂದು ಟಿವಿಯ ಮುಂದೂ ಬಗ್ಗಿ ನಿಂತು, ಕಪ್ತಾನ ಬೆನ್ನು ತಿರುಗಿಸುವವರೆಗೂ ಕಾದರು. "ಎಡಗಡೆ. ಕೋಟಿನ ತೋಳು ಕೈಹೊಲಿಗೆ ಅಂತ ಈ ಕಡೆ ಗೊತ್ತಾಗ್ತಿದೆ. ಆ ಕಡೆ ಬರೀ ಕೋಟು ಅಂತ ಗೊತ್ತಾಗತ್ತೆ, ಅಷ್ಟೇ" ಎಂದರು.

ಕೆಂಪು ಗೆದ್ದಿತು. ಅಪ್ಪ ದರ್ಜಿಗೆ ಟೀ ತರಿಸಿ, ಲೋಟವನ್ನು ತಾವೇ ಕೈಗೆ ಕೊಟ್ಟರು. ಆ ಚಿಕ್ಕ ಕ್ಯಾಸೆಟ್ಟಿನ ಕಾಲದಿಂದ ಬಗ್ಗಿದ್ದ ಬೆನ್ನು ಅವತ್ತು ನೆಟ್ಟಗಾಗಿತ್ತು ಅಕ್ಕಾ. ನಾನು ನೋಡಿದೆ.

ಚಿಕ್ಕಪ್ಪನೂ ಗಂಡಸೇ. ಸಿಳ್ಳೆ ಹಾಕಿಕೊಂಡೇ ನೀಲಿ ಡಬ್ಬಿಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬಿದರು. ಇನ್ನೇನು ಗೋಡೆ ಬೀಳುತ್ತದೆ, ನಾನು ಹೊರಡುತ್ತೇನೆ ಎಂದುಕೊಂಡು ಚೀಲಕ್ಕೆ ಬಟ್ಟೆ ಮಡಿಚಿಟ್ಟೆ.

ಹೋದ ಮಂಗಳವಾರ ಸುದ್ದಿ ಬಂತು. ಜಗತ್ತಿನಾದ್ಯಂತ ಕೆಂಪು ಪಕ್ಷವನ್ನು ಮುನ್ನಡೆಸುತ್ತಿದ್ದ ಕಂಪನಿ ಕೈಚೆಲ್ಲಿತು. ಇನ್ನು ಕೆಂಪಿನ ಪ್ಲೇಯರ್ ಮಾಡುವುದಿಲ್ಲವಂತೆ. ನೀಲಿ ಗೆದ್ದಿತು, ಪೂರ್ತಿ ಗೆದ್ದಿತು. ನಮ್ಮ ಬೀದಿಯಲ್ಲಿ ಮಾತ್ರ ಅದು ಎರಡು ದಿನದ ಹಿಂದೆ ಸೋತಿತ್ತು.

ಈಗ ಬಂತು ನೋಡು ಪೀಕಲಾಟ. ಬೇರೆ ಮನೆಯಲ್ಲಾಗಿದ್ದರೆ ಚಿಕ್ಕಪ್ಪ ನಕ್ಕು ಪೆಟ್ಟಿಗೆ ಬಿಚ್ಚುತ್ತಿದ್ದರು, ಅಪ್ಪ ನಿಟ್ಟುಸಿರು ಬಿಟ್ಟು ಕೆಂಪು ಕಟ್ಟಿಡುತ್ತಿದ್ದರು. ಇದು ನಮ್ಮ ಮನೆ. ಚಿಕ್ಕಪ್ಪ, "ಊರವರ ಮುಂದೆ ಸೋತಿದೀನಿ. ಕಂಪನಿ ಏನಾದ್ರೂ ಮಾಡ್ಕೊಳ್ಳಲಿ, ನಾನು ಪೆಟ್ಟಿಗೆ ಬಿಚ್ಚಲ್ಲ" ಎಂದು ಸ್ಟೂಲಿನ ಸುತ್ತ ಪೇರಿಸಿಬಿಟ್ಟರು. ಯಾರಿಗೂ ಸೇರದ ಜಾಗ ಅದೊಂದೇ ಅಂತೆ. ಅಪ್ಪ, "ಸೋತಿದ್ದು ಕಂಪನಿ. ನನ್ನ ಡಿಸ್ಕು ಗೆದ್ದಿದೆ, ದರ್ಜಿನ ಕೇಳು" ಎಂದರು. ಸಗಟು ವ್ಯಾಪಾರಿ ತನ್ನ ಬಳಿ ಉಳಿದ ಕೆಂಪನ್ನೆಲ್ಲ ಯಾರಿಗೆ ತಗುಲಿಸುವುದೆಂದು ಕಾಯುತ್ತಿದ್ದ. ಅಪ್ಪ ಎಲ್ಲವನ್ನೂ ತರಿಸಿ ಚಿಕ್ಕಪ್ಪನ ಖಾಲಿ ಕಪಾಟಿಗೂ ತುಂಬಿದರು. ಟಿವಿಗಳ ಮೇಲೆ ಬಟ್ಟೆ ಹೊದಿಸಿದ್ದಾರೆ. ಗೆದ್ದ ಮೇಲೆ ಮತ್ತೆ ತೋರಿಸುವುದೇನಿದೆ ಎಂದು ಅಪ್ಪ, ಸೋತ ಮೇಲೆ ನೋಡುವುದೇನಿದೆ ಎಂದು ಚಿಕ್ಕಪ್ಪ.

ಹೀಗಾಗಿ ಇಡೀ ಅಂಗಡಿಯಲ್ಲಿ ಸತ್ತ ಡಿಸ್ಕುಗಳು ಕಪಾಟಿನಲ್ಲಿ ನಿಂತಿವೆ, ಬದುಕಿದ ಡಿಸ್ಕುಗಳು ಪೆಟ್ಟಿಗೆಯಲ್ಲಿ ಮಲಗಿವೆ, ನಡುವೆ ನಾನು. ಸುತ್ತ ರಟ್ಟಿನ ಗೋಡೆ. ಹೊರಗೆ ಹೋಗಬೇಕಾದರೆ ಎರಡು ಪೆಟ್ಟಿಗೆ ಎತ್ತಿ, ದಾಟಿ, ಮತ್ತೆ ಇಡಬೇಕು. ಗಿರಾಕಿಗಳಿಗೆ ನನ್ನ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತವೆ. ಗೋಡೆ ಬಿದ್ದಿಲ್ಲ, ಯಾಕೆಂದರೆ ಕೆಡವೋಣವೇ ಎಂದು ಯಾರಾದರೊಬ್ಬರು ಇನ್ನೊಬ್ಬರನ್ನು ಕೇಳಬೇಕು. ಅಮ್ಮನ ಬಳಿ ಅತ್ತೆ, ಅಂದರೆ ಅಳುವ ಹಾಗೆ ನಟಿಸಲು ಹೋಗಿ ನಿಜವಾಗಿ ಅತ್ತುಬಿಟ್ಟೆ. ಅವಳು ದಾರಕ್ಕೆ ಗಂಟು ಹಾಕುತ್ತ, "ಇಬ್ರೂ ಮಾತಿಗೆ ಕಟ್ಟು ಬಿದ್ದಿದಾರೆ. ಮಾತಿನಿಂದಾನೇ ಬಿಡಿಸ್ಬೇಕು" ಎಂದಳು.

ಮಾತಿನಿಂದ ಎಂದಾಗ ಹೊಳೆಯಿತು, ಹಿಡಿಕೆ ನನ್ನ ಕೈಯಲ್ಲೇ ಇದೆಯಲ್ಲ ಎಂದು. ವೈರು ಅದಲುಬದಲಾಗಿತ್ತು ಎಂದು ಹೇಳಿದರೆ, ಎಡದ ಟಿವಿಯಲ್ಲಿ ಊರವರು ಮೆಚ್ಚಿದ್ದು ನೀಲಿಯನ್ನು. ಗೆದ್ದಿದ್ದು ಚಿಕ್ಕಪ್ಪ. ಅವರಿಗೆ ಪೆಟ್ಟಿಗೆ ಬಿಚ್ಚಲು ಮುಖ ಸಿಗುತ್ತದೆ. ಅಪ್ಪ ಕಂಪನಿ ಹೇಳಿತೆಂದು ಕಪಾಟು ಖಾಲಿ ಮಾಡುವವರಲ್ಲ, ಕೊಟ್ಟ ಮಾತಿಗೆ ಮಾಡುತ್ತಾರೆ. ಇಬ್ಬರಿಗೂ ಬಿಡುಗಡೆ. ನನಗೆ ಬೈಗುಳ. ಅದು ನನಗೇನು ಹೊಸದಲ್ಲ.

ನಾಡಿದ್ದು ಬುಧವಾರ ಹೇಳುತ್ತೇನೆ. ಈಗ ಹಾಳೆ ಮುಚ್ಚುತ್ತೇನೆ, ಅಪ್ಪ ಇಣುಕುತ್ತಿದ್ದಾರೆ. ಸ್ಟಾಕ್ ಮುಖ.

ಗುರುವಾರ, ೨೮ ಫೆಬ್ರವರಿ
ಮನೆ, ಅಡುಗೆಮನೆಯ ಕುಂಟು ಮೇಜು

ಅಕ್ಕಾ, ಹೇಳಿಬಿಟ್ಟೆ.

ನಿನ್ನೆ ಬೆಳಿಗ್ಗೆ ಸ್ಟೂಲಿನ ಮೇಲೆ ಹತ್ತಿ ನಿಂತೆ. ತಲೆ ಗೋಡೆಗಿಂತ ಮೇಲೆ ಬಂತು. ಗೋಡೆಯ ಆಚೆ-ಈಚೆ ಇಬ್ಬರನ್ನೂ ಒಟ್ಟಿಗೆ ನೋಡಿದ್ದು ಅದೇ ಮೊದಲ ಸಲ. ಮೇಲಿನಿಂದ ನೋಡಿದರೆ ಇಬ್ಬರಿಗೂ ನಡುನೆತ್ತಿಯಲ್ಲಿ ಒಂದೇ ಅಳತೆಯ ಬೋಳು. ಗಂಟಲು ಸರಿಮಾಡಿಕೊಂಡು, "ಉಭಯ ರಾಜ್ಯಗಳ ಮಹಾಜನಗಳೇ" ಎಂದು ಶುರುಮಾಡಿದೆ. ಅಪ್ಪ, "ಇಳಿಯೇ ಕೆಳಗೆ, ಬೀಳ್ತೀಯ" ಎಂದರು. ಅದೇ ಹೊತ್ತಿಗೆ ಚಿಕ್ಕಪ್ಪನೂ, "ಬೀಳ್ತೀಯ ಕಣೇ" ಎಂದರು. ಇಳಿಯಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ ಟಿವಿಯ ವೈರುಗಳನ್ನು ಅದಲುಬದಲು ಮಾಡಿದೆ, ಎಡದ ಟಿವಿಯಲ್ಲಿ ಬಂದದ್ದು ನೀಲಿ, ಗೆದ್ದದ್ದು ನೀಲಿ ಎಂದು ಹೇಳಿದೆ. ಭಾಷಣವನ್ನು ಚೆನ್ನಾಗಿ ಸಿದ್ಧಪಡಿಸಿಕೊಂಡಿದ್ದೆ, ಆದರೆ ಕೊನೆಯಲ್ಲಿ ಸ್ವರ ಒಡೆಯಿತು.

ಅಪ್ಪ ಸದ್ದಿಲ್ಲದೆ ಹೋಗಿ ಟಿವಿಗಳ ಬಟ್ಟೆ ಎತ್ತಿದರು. ಬಗ್ಗಿ ನೋಡಿದರು. ಕೆಂಪು ದಾರ ಬಲದ ಟಿವಿಯಲ್ಲಿತ್ತು, ನೀಲಿ ದಾರ ಎಡದ್ದರಲ್ಲಿ. ದಾರವನ್ನು ಬೆರಳಿನಲ್ಲಿ ಹಿಡಿದುಕೊಂಡು ತುಂಬಾ ಹೊತ್ತು ಹಾಗೇ ನಿಂತರು. ನನಗೆ ಇಳಿದು ಓಡಿಹೋಗಬೇಕೆನಿಸಿತು, ಆದರೆ ಸುತ್ತಲೂ ಪೆಟ್ಟಿಗೆ.

ಆಮೇಲೆ ಅಪ್ಪ ಗೋಡೆಯ ಕಡೆ ತಿರುಗಿ, ನನ್ನನ್ನಲ್ಲ, ಗೋಡೆಯನ್ನು, "ಕೇಳಿಸ್ತೇನೋ?" ಎಂದು ಕೇಳಿದರು.

ನಾನು ಅನುವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಚಿಕ್ಕಪ್ಪ, "ಕೇಳಿಸ್ತು ಅಣ್ಣ. ನನಗೇನು ಕಿವುಡೇ?" ಎಂದರು.

"ಈ ಕೋತಿ ಮಾಡಿರೋ ಕೆಲ್ಸ ನೋಡು."

"ನೀನು ತಲೆ ಮೇಲೆ ಕೂರಿಸ್ಕೊಂಡಿದ್ದು."

"ನಾನಾ? ಚಿಕ್ಕೋಳಿದ್ದಾಗ ಸ್ಕ್ರೂಡ್ರೈವರ್ ಕೈಗೆ ಕೊಟ್ಟೋರು ಯಾರು?"

"ಅದು ರೇಡಿಯೋ ಬಿಚ್ಚಕ್ಕೆ ಕೊಟ್ಟಿದ್ದು, ಮನೆ ಮುರಿಯೋಕಲ್ಲ."

ಅಲ್ಲಿಂದ ಮುಂದೆ ನನ್ನನ್ನು ಬೈಯುವುದರಲ್ಲಿ ಅವರು ಎಷ್ಟು ಒಗ್ಗಟ್ಟಾದರೆಂದರೆ, ಒಬ್ಬರು ನಿಲ್ಲಿಸಿದಲ್ಲಿ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ನನ್ನ ಹುಟ್ಟಿನಿಂದ ಹಿಡಿದು ಇಲ್ಲಿಯವರೆಗಿನ ಅಪರಾಧಗಳೆಲ್ಲ ಬಂದವು. ಉಪ್ಪಿನ ಡಬ್ಬಕ್ಕೆ ಸಕ್ಕರೆ ಸುರಿದದ್ದು, ಮೇಷ್ಟ್ರ ಹೆಸರಿನಲ್ಲಿ ಶಾಲೆಗೆ ರಜೆ ಸಾರಿದ್ದು, ಎಲ್ಲ. ನಾನು ಸ್ಟೂಲಿನ ಮೇಲೆ ತಲೆ ತಗ್ಗಿಸಿ ನಿಂತಿದ್ದೆ. ಎರಡು ವರ್ಷದಿಂದ ಎರಡು ಕಡೆಗೂ ಮಾತು ಹೊತ್ತ ಬಾಯಿಗೆ ಅವತ್ತು ಕೆಲಸವೇ ಇರಲಿಲ್ಲ.

ಅಪ್ಪ ಆಗಲೇ ಕೆಂಪು ಡಬ್ಬಿಗಳನ್ನು ಇಳಿಸಲು ಶುರುಮಾಡಿದ್ದರು. ಚಿಕ್ಕಪ್ಪ ಸಹಾಯಕ್ಕೆ ಬರಲು ಹೋಗಿ ಕಿಂಡಿಯಲ್ಲಿ ಹೊಟ್ಟೆ ಸಿಕ್ಕಿಸಿಕೊಂಡರು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. "ಈ ಗೋಡೆ ಹಾಕಿದ್ ಬಡಗಿ ನಿನ್ನ ಅಳತೆ ತಗೊಂಡಿರ್ಲಿಲ್ಲ" ಎಂದು ಅಪ್ಪ ಹೇಳಿ, ಸುತ್ತಿಗೆ ತಂದು, ಎರಡು ಹಲಗೆ ಕಿತ್ತರು. ಕಿತ್ತ ಮೇಲೆ ಉಳಿದದ್ದೂ ನಿಲ್ಲಲಿಲ್ಲ. ಮಧ್ಯಾಹ್ನದೊಳಗೆ ಅಂಗಡಿ ಒಂದೇ ಕೋಣೆಯಾಗಿತ್ತು. ಎಷ್ಟು ದೊಡ್ಡದು ಅನ್ನುವುದೇ ನನಗೆ ಮರೆತುಹೋಗಿತ್ತು.

ತೀರ್ಪು ಜಂಟಿಯಾಗಿ ಹೊರಬಿತ್ತು. ಅಪ್ಪ, "ಇವಳನ್ನ ವೈರಿನ ಹತ್ರ ಬಿಡಬಾರ್ದು" ಎಂದರು. ಚಿಕ್ಕಪ್ಪ, "ಅಕ್ಕನ ಹತ್ರ ಕಳ್ಸಿಬಿಡಣ್ಣ. ಅಲ್ಲಿ ರೀಲಿಗೆ ವೈರೇ ಇರಲ್ಲ" ಎಂದರು. ಶನಿವಾರ ಬೆಳಗಿನ ಬಸ್ಸಿಗೆ ಸೀಟು ಹಿಡಿದಾಯಿತು. ನಿನ್ನ ಕೋಣೆಯಲ್ಲಿ ಒಂದು ಮೂಲೆ ಖಾಲಿ ಮಾಡಿಡು. ಕಿಟಕಿಯ ಕಡೆಯದಾದರೆ ಒಳ್ಳೆಯದು. ನಾಲ್ಕೂ ಕಡೆ ಖಾಲಿ ಇರಲಿ, ಏನೂ ಪೇರಿಸಬೇಡ.

ರಾಯಭಾರ ಕಚೇರಿಯನ್ನು ಇಂದಿನಿಂದ ಮುಚ್ಚಲಾಗಿದೆ. ಸ್ಟೂಲಿನ ಮೇಲೆ ಈಗ ಹೂ ಮಾರುವ ಅಜ್ಜಿ ಬಂದು ಕೂರುತ್ತಾರೆ.

ಗಡೀಪಾರಾದ ನಿನ್ನ ಪ್ರೀತಿಯ ತಂಗಿ,
ಕೋತಿ

ಮರೆತ ಮಾತು: ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತಿದ್ದರೆ ರಸ್ತೆಯದು ತಪ್ಪು. ಪತ್ರವನ್ನು ಅಂಚೆಗೆ ಹಾಕಲಿಲ್ಲ. ನಿನ್ನ ಕೈಗೆ ಕೊಟ್ಟು ನಾನು ಸ್ನಾನಕ್ಕೆ ಹೋಗುತ್ತೇನೆ. ಹೊರಗೆ ಬಂದಾಗ ಏನೂ ಕೇಳಬೇಡ.

ಮಂಗಳವಾರ, ಒಪ್ಪಿಕೊಳ್ಳುವ ಹಿಂದಿನ ದಿನ, ಸುಮ್ಮನೆ ಒಮ್ಮೆ ನೋಡೋಣವೆಂದು ಟಿವಿಯ ಹಿಂದೆ ನುಸುಳಿದ್ದೆ. ದಾರಗಳು ಸರಿಯಾದ ಜಾಗದಲ್ಲಿದ್ದವು. ಕೆಂಪು ಎಡಕ್ಕೆ, ನೀಲಿ ಬಲಕ್ಕೆ. ಅಮ್ಮನನ್ನು ಕೇಳಿದೆ. "ಭಾನುವಾರ ಬೆಳಿಗ್ಗೆ ಧೂಳು ಒರೆಸೋವಾಗ ನೋಡ್ದೆ, ಯಾರೋ ತಪ್ಪು ಚುಚ್ಚಿದ್ರು. ಸರಿ ಮಾಡ್ದೆ" ಎಂದಳು.

ಅಂದರೆ ಜನ ಬರುವ ಮೊದಲೇ ಎಲ್ಲ ಸರಿಯಾಗಿತ್ತು. ದರ್ಜಿಗೆ ಕೈಹೊಲಿಗೆ ಕಂಡದ್ದು ಕೆಂಪಿನಲ್ಲಿಯೇ. ಅಪ್ಪ ನಿಜವಾಗಿ ಗೆದ್ದಿದ್ದರು.

ನಾನು ಏನು ಹೇಳಬೇಕೆಂದಿದ್ದೆ ಎನ್ನುವುದನ್ನು ಅಮ್ಮನಿಗೆ ಹೇಳಿದೆ, ಇನ್ನು ಹೇಳುವ ಹಾಗಿಲ್ಲ ಎಂದೂ ಹೇಳಿದೆ. ಬುಧವಾರ ಬೆಳಿಗ್ಗೆ ಅವಳು ನನಗಿಂತ ಮೊದಲೇ ಅಂಗಡಿಗೆ ಹೋಗಿ ಧೂಳು ಒರೆಸಿ ಬಂದಳು. ಅವತ್ತು ಧೂಳು ಒರೆಸುವ ದಿನವಲ್ಲ. ಅದು ಗೊತ್ತಾಗಿಯೇ ನಾನು ಸ್ಟೂಲು ಹತ್ತಿದ್ದು. ಅಪ್ಪ ಬೆರಳಿನಲ್ಲಿ ಹಿಡಿದು ನಿಂತಿದ್ದು ಅವಳು ಮತ್ತೆ ಅದಲುಬದಲು ಮಾಡಿಟ್ಟ ಆ ದಾರವನ್ನು.

ಹೊರಡುವ ಮುಂಚೆ ಬಸ್ ನಿಲ್ದಾಣದಲ್ಲಿ ಅಪ್ಪ ನನ್ನ ಚೀಲ ಮೇಲೆ ಇಟ್ಟು, ಕಿಟಕಿಯ ಬಳಿ ಬಂದು ನಿಂತರು. ಚಿಕ್ಕಪ್ಪ ನೀರಿನ ಬಾಟಲಿ ತರಲು ಹೋಗಿದ್ದರು. ಅಪ್ಪ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಅಲ್ವೇ, ನೀನು ಎರಡನ್ನೂ ನೋಡಿದೀಯಲ್ಲ. ಕೆಂಪು ಅಷ್ಟು ಕೆಟ್ಟದಾಗಿ ಕಾಣ್ತಿತ್ತಾ?" ಎಂದು ಕೇಳಿದರು.

ನನಗೆ ಎಲ್ಲ ಮುಖವೂ ಬರುತ್ತದೆ ಅಕ್ಕಾ. ಆ ಹೊತ್ತಿಗೆ ಒಂದೂ ಬರಲಿಲ್ಲ. "ಎರಡೂ ಒಂದೇ ಥರ ಇತ್ತಪ್ಪಾ" ಎಂದೆ. ಅವರು ತಲೆಯಾಡಿಸಿ, "ಹೂಂ, ಇರ್ಲಿ" ಎಂದು ಕಿಟಕಿಯ ಗಾಜನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು, ನನಗೆ ಹೊರಗಿನದು ಚೆನ್ನಾಗಿ ಕಾಣಲಿ ಎಂದು.